ಕೈಬರಹ ವಿಶ್ಲೇಷಣೆ ವಿಜ್ಞಾನವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತಿ ಬಳಸದೆ ಹೇಳಿ: ಕೈಬರಹ ವಿಶ್ಲೇಷಣೆ ವಿಜ್ಞಾನ ಹೌದೋ ಅಲ್ಲವೋ?

ಯಾವ ವಿಶ್ಲೇಷಣೆ ಎಂದು ಮೊದಲು ಕೇಳಬೇಕು. ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತಿವೆ.

ಮೊದಲನೆಯದು ಗ್ರಫಾಲಜಿ. ಅಕ್ಷರದ ಓರೆ, ಗಾತ್ರ, ಒತ್ತಡ, ಸುಳಿಗಳನ್ನು ನೋಡಿ ಬರೆದವರ ಸ್ವಭಾವ, ಪ್ರಾಮಾಣಿಕತೆ, ಕೆಲಸದ ಯೋಗ್ಯತೆ ಹೇಳುತ್ತೇವೆ ಎನ್ನುವುದು. ನೂರು ವರ್ಷಗಳಿಂದ ಇದನ್ನು ಪರೀಕ್ಷೆಗೆ ಒಡ್ಡಿದ್ದಾರೆ, ಬಿಗಿಯಾದ ಪರೀಕ್ಷೆಗಳಲ್ಲಿ ಸೋತಿದೆ. ಇದು ವಿಜ್ಞಾನವಲ್ಲ.

ಎರಡನೆಯದು ದಾಖಲೆ ಪರೀಕ್ಷೆ. ಈ ಸಹಿ ಇವರದ್ದೇ, ಈ ಉಯಿಲು ಅವರ ಕೈಯಲ್ಲೇ ಬರೆದದ್ದೇ ಎಂದು ಹೋಲಿಸಿ ನೋಡುವ ಕೆಲಸ. ಇಲ್ಲಿ ತಪ್ಪಿನ ಪ್ರಮಾಣವನ್ನು ಅಳೆದಿದ್ದಾರೆ. ಅದು ಸೊನ್ನೆಯಲ್ಲ, ಆದರೆ ಸಾಮಾನ್ಯರಿಗಿಂತ ಬಹಳ ಕಡಿಮೆ. ಪೂರ್ತಿ ಮಾಗಿದ ವಿಜ್ಞಾನ ಎನ್ನಲಾಗದು. ಪರೀಕ್ಷೆಗೆ ನಿಂತ ಪರಿಣತಿ ಎನ್ನಬಹುದು.

ಮೂರನೆಯದು ಬರೆಯುವ ಚಲನೆಯ ಅಧ್ಯಯನ. ನರರೋಗ, ಕೈ ನಡುಕ, ಮಕ್ಕಳ ಬರವಣಿಗೆಯ ತೊಡಕು ಇತ್ಯಾದಿಗಳಲ್ಲಿ ವೇಗ, ಗಾತ್ರ, ಒತ್ತಡಗಳನ್ನು ಅಳೆಯುವುದು. ಇದರ ಬಗ್ಗೆ ತಕರಾರಿಲ್ಲ.

ಗೊಂದಲ ಹುಟ್ಟುವುದು ಮೊದಲನೆಯದು ಉಳಿದೆರಡರ ಮರ್ಯಾದೆಯನ್ನು ಸಾಲ ಪಡೆದಾಗ. "ನ್ಯಾಯಾಲಯವೇ ಒಪ್ಪುತ್ತದೆ", "ವೈದ್ಯರೇ ಬಳಸುತ್ತಾರೆ" ಎಂಬ ಮಾತು ಗ್ರಫಾಲಜಿಯ ಜಾಹೀರಾತಿನಲ್ಲಿ ಕಂಡರೆ ಅದು ಪಕ್ಕದ ಮನೆಯವರ ಪದಕ ತೋರಿಸಿದಂತೆ.

ಗ್ರಫಾಲಜಿ ಎಲ್ಲಿಂದ ಬಂತು?

ಇಟಲಿಯ ಕಮಿಲ್ಲೊ ಬಾಲ್ಡಿ 1622ರಲ್ಲಿ, ಪತ್ರ ನೋಡಿ ಬರೆದವರ ಗುಣ ತಿಳಿಯುವ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. 'ಗ್ರಫಾಲಜಿ' ಎಂಬ ಹೆಸರನ್ನು ಬಳಕೆಗೆ ತಂದದ್ದು 1870ರ ದಶಕದಲ್ಲಿ ಫ್ರಾನ್ಸ್‌ನ ಪಾದ್ರಿ ಜಾನ್ ಇಪ್ಪೊಲಿತ್ ಮಿಶೋ. ಒಂದೊಂದು ಚಿಹ್ನೆಗೆ ಒಂದೊಂದು ಗುಣ ಎಂಬ ಪಟ್ಟಿ ಅವರದ್ದು. ಅವರ ನಂತರ ಬಂದ ಕ್ರೆಪ್ಯೂ ಜಾಮ್ಯಾನ್, ಬಿಡಿ ಚಿಹ್ನೆ ಬೇಡ, ಇಡೀ ಬರಹದ ಚಹರೆ ನೋಡಿ ಎಂದರು. ಜರ್ಮನಿಯ ಲುಡ್ವಿಗ್ ಕ್ಲಾಗೆಸ್ ಬರಹದ ಲಯಕ್ಕೆ ಮಹತ್ವ ಕೊಟ್ಟರು. ಹೀಗೆ ಪಂಥಗಳು ಬೆಳೆದವು. ಒಂದು ಪಂಥ ಇನ್ನೊಂದನ್ನು ಅಲ್ಲಗಳೆದದ್ದು ಅಳತೆಯ ಆಧಾರದ ಮೇಲಲ್ಲ, ಗುರುವಿನ ಮಾತಿನ ಆಧಾರದ ಮೇಲೆ. ಹಾಗಾಗಿ ಸೋತ ನಿಯಮ ಯಾವುದೂ ಪಟ್ಟಿಯಿಂದ ಹೊರಗೆ ಹೋಗಲಿಲ್ಲ.

ಅದರ ನಿಯಮಗಳು ಕೇಳಿದರೆ ಸರಿ ಎನಿಸುತ್ತದಲ್ಲ?

ಸರಿ ಎನಿಸುವುದೇ ಅದರ ಬಲ. ಬಲಕ್ಕೆ ವಾಲಿದ ಅಕ್ಷರ ಎಂದರೆ ಜನರ ಕಡೆಗೆ ವಾಲುವವರು. ಸಾಲು ಮೇಲೇರಿದರೆ ಆಶಾವಾದಿ, ಇಳಿದರೆ ನಿರಾಶೆ. ಇಕ್ಕಟ್ಟಾಗಿ ಬರೆದರೆ ಜಿಪುಣ. ಇಂಗ್ಲಿಷಿನ ಟಿ ಅಕ್ಷರದ ಅಡ್ಡಗೆರೆ ಮೇಲಿದ್ದರೆ ಮಹತ್ವಾಕಾಂಕ್ಷೆ. ಇವೆಲ್ಲ ಮಾತಿನ ರೂಪಕಗಳು. 'ಮೇಲೆ' ಎಂದರೆ ಒಳ್ಳೆಯದು, 'ಕೆಳಗೆ' ಎಂದರೆ ಕೆಟ್ಟದ್ದು ಎಂಬ ಭಾಷೆಯ ರೂಢಿಯನ್ನು ಕಾಗದದ ಮೇಲೆ ಹಾಸಿದ್ದಾರೆ, ಅಷ್ಟೇ. ಈ ಕಾರಣಕ್ಕೇ ಏನೂ ಕಲಿಯದವರೂ ಗ್ರಫಾಲಜಿಸ್ಟರೂ ಒಂದೇ ಬರಹಕ್ಕೆ ಹೆಚ್ಚು ಕಡಿಮೆ ಒಂದೇ ಗುಣ ಹಚ್ಚುತ್ತಾರೆ. ರೋಯ್ ಕಿಂಗ್ ಮತ್ತು ಡೆರೆಕ್ ಕೋಲರ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು: ಬರಹಕ್ಕೂ ಗುಣಕ್ಕೂ ಸಂಬಂಧವೇ ಇಲ್ಲದ ಹಾಗೆ ಜೋಡಿಸಿಕೊಟ್ಟರೂ, ಅರ್ಥದಲ್ಲಿ ಹೊಂದುವ ಕಡೆಗಳಲ್ಲಿ ಜನ ಸಂಬಂಧವನ್ನು 'ಕಂಡರು'.

ಹಾಗಾದರೆ ಓರೆ, ಒತ್ತಡ, ಸಾಲಿನ ಏರಿಳಿತ ಇವೆಲ್ಲ ಯಾಕೆ ಬರುತ್ತವೆ?

ಒಂದು ಹಾಳೆ ತೆಗೆದುಕೊಂಡು ನೋಡಿ, ಐದು ನಿಮಿಷದ ಕೆಲಸ. ಹಾಳೆಯನ್ನು ಮೇಜಿನ ಅಂಚಿಗೆ ನೇರವಾಗಿಟ್ಟು ಎರಡು ಸಾಲು ಬರೆಯಿರಿ. ಆಮೇಲೆ ಹಾಳೆಯನ್ನು ಮೂವತ್ತು ಡಿಗ್ರಿಯಷ್ಟು ಎಡಕ್ಕೆ ತಿರುಗಿಸಿ ಅದನ್ನೇ ಬರೆಯಿರಿ. ಬಲಗೈಯವರಾದರೆ ಬಹುಪಾಲು ಜನರ ಅಕ್ಷರದ ಓರೆ ಬದಲಾಗಿರುತ್ತದೆ. ಗೆರೆ ಎಳೆಯುವಾಗ ಕೈ ಮೈಯ ಕಡೆಗೇ ಬರುತ್ತದೆ. ಹಾಳೆ ತಿರುಗಿದ್ದರಿಂದ ಅದೇ ಗೆರೆ ಹಾಳೆಯ ಲೆಕ್ಕದಲ್ಲಿ ಓರೆಯಾಗುತ್ತದೆ. ಸ್ವಭಾವ ಬದಲಾಗಿಲ್ಲ, ಹಾಳೆ ಬದಲಾಗಿದೆ.

ಗೆರೆಯಿಲ್ಲದ ಹಾಳೆಯಲ್ಲಿ ಸಾಲು ಮೇಲೇರುವುದಕ್ಕೂ ಹೆಚ್ಚಾಗಿ ಇಂಥದ್ದೇ ಕಾರಣ. ಮೊಣಕೈ ಊರಿದ ಜಾಗ ಕದಲದಿದ್ದರೆ ಮುಂಗೈ ಕಮಾನಿನ ಹಾದಿಯಲ್ಲಿ ಸಾಗುತ್ತದೆ, ಸಾಲೂ ಬಾಗುತ್ತದೆ. ಮೊಣಕೈಯನ್ನು ಸಾಲಿನ ಜೊತೆ ಸರಿಸುತ್ತ ಹೋದರೆ ಸಾಲು ನೆಟ್ಟಗಾಗುತ್ತದೆ.

ಒತ್ತಡದ್ದು ಇನ್ನೂ ಸರಳ. ಬಾಲ್‌ಪೆನ್ನಿನ ಗುಂಡು ಉರುಳಬೇಕಾದರೆ ಒತ್ತಲೇಬೇಕು. ಜೆಲ್ ಪೆನ್ನು, ಇಂಕ್ ಪೆನ್ನುಗಳಿಗೆ ಅಷ್ಟು ಬೇಡ. ಅಡಿಯಲ್ಲಿ ಹತ್ತಾರು ಹಾಳೆಗಳ ಮೆತ್ತೆ ಇದ್ದರೆ ಅದೇ ಬಲಕ್ಕೆ ಗೆರೆ ಆಳವಾಗಿ ಮೂಡುತ್ತದೆ. ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆ ಇಟ್ಟರೆ ಹಿಂಬದಿ ಸವರಿದರೂ ತಿಳಿಯುವುದಿಲ್ಲ. ಇದರ ಮೇಲೆ ಶಾಲೆಯಲ್ಲಿ ಕಲಿಸಿದ ಮಾದರಿ, ಪೆನ್ನು ಹಿಡಿಯುವ ಬಗೆ, ಅವಸರ, ಹಾಳೆಯಲ್ಲಿ ಉಳಿದ ಜಾಗ, ಚಳಿಗೆ ಮರಗಟ್ಟಿದ ಬೆರಳು. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದರಲ್ಲಿ ಸ್ವಭಾವದ ಪಾಲೆಷ್ಟು ಎಂದು ಕೇಳಬೇಕು. ಗ್ರಫಾಲಜಿ ಕಳೆಯುವ ಲೆಕ್ಕವನ್ನೇ ಮಾಡುವುದಿಲ್ಲ.

ನಿಜವಾಗಿ ಪರೀಕ್ಷಿಸಿದ್ದಾರೆಯೇ, ಅಥವಾ ವಿಜ್ಞಾನಿಗಳು ಸುಮ್ಮನೆ ತಳ್ಳಿಹಾಕಿದರೇ?

ಚೆನ್ನಾಗಿಯೇ ಪರೀಕ್ಷಿಸಿದ್ದಾರೆ. ಬುದ್ಧಿ ಪರೀಕ್ಷೆಗೆ ಹೆಸರಾದ ಆಲ್ಫ್ರೆಡ್ ಬಿನೆ 1906ರಷ್ಟು ಹಿಂದೆಯೇ ಗ್ರಫಾಲಜಿಸ್ಟರನ್ನು ಕೂರಿಸಿ ಪರೀಕ್ಷೆ ನಡೆಸಿದ್ದರು. 1919ರಲ್ಲಿ ಕ್ಲಾರ್ಕ್ ಹಲ್ ಮತ್ತು ಮಾಂಟ್ಗೊಮರಿ ಎಂಬ ಮನೋವಿಜ್ಞಾನಿಗಳು ಒಂದೇ ವಿದ್ಯಾರ್ಥಿ ಬಳಗದ 17 ಜನರಿಂದ ಬರೆಸಿ, ಗೆರೆಗಳನ್ನು ಸೂಕ್ಷ್ಮವಾಗಿ ಅಳೆದು, ಮಹತ್ವಾಕಾಂಕ್ಷೆ, ಸಂಕೋಚ, ಛಲದಂಥ ಗುಣಗಳಿಗೆ ಗೆಳೆಯರು ಕೊಟ್ಟ ಅಂಕಗಳ ಜೊತೆ ತಾಳೆ ನೋಡಿದರು. ಸಹಸಂಬಂಧದ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಸಾಗುತ್ತವೆ ಎಂಬ ಅಂಕಿ; 0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ) ಸರಾಸರಿ ಹೆಚ್ಚು ಕಡಿಮೆ ಸೊನ್ನೆ.

1986ರಲ್ಲಿ ಗೆರ್ಶಾನ್ ಬೆನ್ ಶಾಖರ್ ಮತ್ತು ಸಂಗಡಿಗರು ಎರಡು ಅಧ್ಯಯನ ಪ್ರಕಟಿಸಿದರು. ಒಂದರಲ್ಲಿ ಎಂಟು ವೃತ್ತಿಗಳಿಗೆ ಸೇರಿದ 40 ಜನರ ಬರಹ ಕೊಟ್ಟು ಯಾರು ಯಾವ ವೃತ್ತಿಯವರು ಎಂದು ಕೇಳಿದರು. ಗ್ರಫಾಲಜಿಸ್ಟರ ಉತ್ತರ ಚೀಟಿ ಎತ್ತಿದ್ದಕ್ಕಿಂತ ಮೇಲಾಗಿರಲಿಲ್ಲ. 1989ರಲ್ಲಿ ಎಫ್ರಾತ್ ನೆಟರ್ ಮತ್ತು ಬೆನ್ ಶಾಖರ್ ಅಲ್ಲಿಯವರೆಗಿನ 17 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಗ್ರಫಾಲಜಿಯ ಗಂಧವಿಲ್ಲದ ಮನೋವಿಜ್ಞಾನಿಗಳು ಅದೇ ಬರಹ ಓದಿ ಕೊಟ್ಟ ಅಂದಾಜು, ಗ್ರಫಾಲಜಿಸ್ಟರ ಅಂದಾಜಿಗಿಂತ ಎಲ್ಲ ಅಳತೆಯಲ್ಲೂ ವಾಸಿಯಾಗಿತ್ತು.

ಆದರೂ ಕೆಲವು ಅಧ್ಯಯನಗಳಲ್ಲಿ ಸ್ವಲ್ಪವಾದರೂ ಸರಿ ಬಂದಿದೆಯಲ್ಲ?

ಬಂದಿದೆ: 0.1ರಿಂದ 0.2ರಷ್ಟು ಸಹಸಂಬಂಧ. 0.2 ಎಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಶೇಕಡಾ 4ರಷ್ಟನ್ನು ಮಾತ್ರ ವಿವರಿಸುತ್ತದೆ. ಆ ಚೂರೂ ಎಲ್ಲಿಂದ ಬಂತು ಎಂಬುದು ಸ್ವಾರಸ್ಯದ ಭಾಗ. ಬರೆಸಿದ್ದು ಸಾಮಾನ್ಯವಾಗಿ "ನಿಮ್ಮ ಬಗ್ಗೆ ಒಂದು ಪುಟ ಬರೆಯಿರಿ" ಎಂದು. ಅದರಲ್ಲಿ ಓದು, ಹಿಂದಿನ ಕೆಲಸ, ವಾಕ್ಯ ಕಟ್ಟುವ ಬಗೆ, ಕಾಗುಣಿತದ ತಪ್ಪು ಎಲ್ಲ ಇರುತ್ತದೆ. ಎಲ್ಲರಿಂದಲೂ ಒಂದೇ ತಟಸ್ಥ ಪಠ್ಯವನ್ನು ನಕಲು ಮಾಡಿಸಿದ ಕೂಡಲೇ ಆ ಸಂಬಂಧ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಅವರು ಓದಿದ್ದು ಅಕ್ಷರವನ್ನಲ್ಲ, ಒಕ್ಕಣೆಯನ್ನು.

ನನ್ನ ಬರಹ ನೋಡಿ ನನ್ನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅದಕ್ಕೇನು ಹೇಳುತ್ತೀರಿ?

"ಹೊರಗೆ ಗಟ್ಟಿ, ಒಳಗೆ ಮೃದು. ನಂಬಿದವರಿಗೆ ಪ್ರಾಣ ಕೊಡುತ್ತೀರಿ, ಆದರೆ ನಂಬಲು ಸಮಯ ಬೇಕು. ನಿಮ್ಮ ಸಾಮರ್ಥ್ಯ ಪೂರ್ತಿ ಬಳಕೆಯಾಗಿಲ್ಲ." ಇದನ್ನು ಯಾರಿಗೆ ಬೇಕಾದರೂ ಓದಿ ಹೇಳಿ, ತಲೆಯಾಡಿಸುತ್ತಾರೆ. 1948ರಲ್ಲಿ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ "ನಿಮ್ಮ ಫಲಿತಾಂಶ" ಹಂಚಿದರು. ಎಲ್ಲ ಹಾಳೆಯಲ್ಲೂ ಇದ್ದದ್ದು ಒಂದೇ ಪಠ್ಯ. ಅದು ಎಷ್ಟು ಸರಿಯಾಗಿದೆ ಎಂದು ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26.

ಇದರ ಜೊತೆಗೆ, ಎದುರಿಗೆ ಕೂತಾಗ ನಿಮ್ಮ ಬಟ್ಟೆ, ವಯಸ್ಸು, ಮಾತು, ಹುಬ್ಬಿನ ಚಲನೆ ಎಲ್ಲವೂ ಮಾಹಿತಿ ಕೊಡುತ್ತಿರುತ್ತವೆ. ಹೇಳುವವರು ಮೋಸ ಮಾಡಬೇಕೆಂದೇನೂ ಇಲ್ಲ. ಹೆಚ್ಚಿನವರು ತಾವು ಅಕ್ಷರದಿಂದಲೇ ತಿಳಿದೆವು ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಬರೆದವರು ಯಾರೆಂದು ತಪ್ಪು ತಿಳಿದಾಗ ಏನಾಗುತ್ತದೆ ಎಂಬುದಕ್ಕೆ 2005ರ ಜನವರಿಯ ಒಂದು ಪ್ರಸಂಗ ಇದೆ. ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯಲ್ಲಿ ಮೇಜಿನ ಮೇಲೆ ಬಿಟ್ಟುಹೋದ ಗೀಚುಹಾಳೆಗಳು ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅವರವು ಎಂದುಕೊಂಡು ಪತ್ರಿಕೆಗಳು ಗ್ರಫಾಲಜಿಸ್ಟರಿಗೆ ತೋರಿಸಿದವು. ಒತ್ತಡದಲ್ಲಿದ್ದಾರೆ, ಹುಟ್ಟು ನಾಯಕರಲ್ಲ ಎಂಬಂಥ ತೀರ್ಪುಗಳು ಅಚ್ಚಾದವು. ಹಾಳೆ ಬಿಲ್ ಗೇಟ್ಸ್ ಅವರದಾಗಿತ್ತು.

"ಬರೆಯುವುದು ಕೈಯಲ್ಲ, ಮಿದುಳು" ಎನ್ನುತ್ತಾರೆ. ಅದು ಸುಳ್ಳೇ?

ಸುಳ್ಳಲ್ಲ. ಕಾಗದದ ಮೇಲೆ ಬೆರಳಿನಿಂದ, ಕರಿಹಲಗೆಯ ಮೇಲೆ ಇಡೀ ತೋಳಿನಿಂದ ಬರೆದರೂ ಅಕ್ಷರದ ಚಹರೆ ಬಹುಪಾಲು ಒಂದೇ ಆಗಿರುತ್ತದೆ. ಸ್ನಾಯು ಬೇರೆಯಾದರೂ ಚಲನೆಯ ನಕ್ಷೆ ಮಿದುಳಿನಲ್ಲಿ ಒಂದೇ. ಆದರೆ ನಡಿಗೆ, ಉಗುಳು ನುಂಗುವುದು, ಸೈಕಲ್ ತುಳಿಯುವುದು ಇವನ್ನೆಲ್ಲ ನಡೆಸುವುದೂ ಮಿದುಳೇ. ಮಿದುಳಿನಿಂದ ಬಂತು ಎಂಬಲ್ಲಿಂದ ಪ್ರಾಮಾಣಿಕತೆ ತಿಳಿಯುತ್ತದೆ ಎಂಬಲ್ಲಿಗೆ ಹಾರಬೇಕಾದರೆ ನಡುವೆ ಪುರಾವೆ ಬೇಕು.

ಬರಹದಿಂದ ಹೆಣ್ಣೋ ಗಂಡೋ ತಿಳಿಯಬಹುದೇ?

ಮೂರರಲ್ಲಿ ಎರಡು ಸಲದ ಆಸುಪಾಸು ಸರಿ ಊಹಿಸಬಹುದು. ಇದಕ್ಕೆ ತರಬೇತಿಯೂ ಬೇಡ, ಸಾಮಾನ್ಯರೂ ಊಹಿಸುತ್ತಾರೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಇದು ಸಾಲದು. ಬಲಗೈಯೋ ಎಡಗೈಯೋ ಎಂಬುದನ್ನು ಅಡ್ಡಗೆರೆ ಎಳೆದ ದಿಕ್ಕಿನಿಂದ ಕೆಲವೊಮ್ಮೆ ಶಂಕಿಸಬಹುದು, ಖಚಿತವಾಗಿ ಹೇಳಲಾಗದು. ವಯಸ್ಸು ಇನ್ನೂ ಕಷ್ಟ.

ಕಾಯಿಲೆ ತಿಳಿಯುತ್ತದೆ ಎನ್ನುವುದು?

ಕೆಲವು ಕಾಯಿಲೆಗಳಿಗೆ ಹೌದು, ಯಾಕೆಂದರೆ ಅವು ನೇರವಾಗಿ ಚಲನೆಯನ್ನೇ ಕೆಡಿಸುತ್ತವೆ. ಪಾರ್ಕಿನ್ಸನ್ ಇರುವವರಲ್ಲಿ ಅನೇಕರ ಅಕ್ಷರ ಕಿರಿದಾಗುತ್ತದೆ. ಸಾಲಿನ ಆರಂಭದಲ್ಲಿ ಸರಿಯಾಗಿದ್ದು ಕೊನೆಗೆ ಹೋಗುವಷ್ಟರಲ್ಲಿ ಇರುವೆ ಸಾಲಿನಷ್ಟಾಗುವುದುಂಟು. ಗೆರೆ ಹಾಕಿದ ಹಾಳೆ ಕೊಟ್ಟು "ಗೆರೆ ಮುಟ್ಟುವಂತೆ ಬರೆಯಿರಿ" ಎಂದರೆ ತಾತ್ಕಾಲಿಕವಾಗಿ ಗಾತ್ರ ಮರಳುತ್ತದೆ. ನಡುಕದ ಪರೀಕ್ಷೆಗೆ ವೈದ್ಯರು ಒಳಗಿನಿಂದ ಹೊರಕ್ಕೆ ಸುರುಳಿ ಬರೆಸುತ್ತಾರೆ, ಕೈಯನ್ನು ಮೇಜಿಗೆ ಊರದೆ. ಸಂಶೋಧನೆಯಲ್ಲಿ ಅಂಕೀಯ ಫಲಕದ ಮೇಲೆ ಬರೆಸಿ, ಪೆನ್ನಿನ ತುದಿ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದನ್ನು ಸೆಕೆಂಡಿಗೆ ನೂರಾರು ಸಲ ದಾಖಲಿಸುತ್ತಾರೆ. ಪೆನ್ನು ಹಾಳೆಯಿಂದ ಎದ್ದು ಗಾಳಿಯಲ್ಲಿರುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಶಾಯಿಯಲ್ಲಿ ಕಾಣದ ತಡವರಿಕೆ ಅಲ್ಲಿ ಸಿಗುತ್ತದೆ.

ಹಾಗೆಂದು ಅಕ್ಷರ ಚಿಕ್ಕದಾದ್ದೇ ರೋಗದ ಗುರುತಲ್ಲ. ಮೊದಲಿನಿಂದ ಚಿಕ್ಕದಾಗಿಯೇ ಬರೆಯುವವರು ಬೇಕಾದಷ್ಟಿದ್ದಾರೆ. ಅದೇ ವ್ಯಕ್ತಿಯ ಐದಾರು ವರ್ಷ ಹಿಂದಿನ ಬರಹದ ಪಕ್ಕದಲ್ಲಿಟ್ಟು ನೋಡಿದಾಗ ಬದಲಾವಣೆ ಕಂಡರೆ ನರರೋಗ ತಜ್ಞರ ಬಳಿ ಹೋಗಬೇಕು, ಗ್ರಫಾಲಜಿಸ್ಟರ ಬಳಿ ಅಲ್ಲ. ಬರಹದಿಂದ ಕ್ಯಾನ್ಸರ್, ಹೃದ್ರೋಗ ಪತ್ತೆ ಮಾಡುತ್ತೇವೆ ಎನ್ನುವವರಿಂದ ದೂರವಿರಿ.

ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ನಿಯಮ ಬೇರೆ ಲಿಪಿಗಳಿಗೆ ನಡೆಯುತ್ತದೆಯೇ?

ಈ ಪ್ರಶ್ನೆಗೇ ಗ್ರಫಾಲಜಿಯ ಬುಡ ಅಲುಗಾಡುತ್ತದೆ. ಟಿ ಅಡ್ಡಗೆರೆ, ಐ ಮೇಲಿನ ಚುಕ್ಕೆ, ಜಿ ಮತ್ತು ವೈಗಳ ಕೆಳಸುಳಿ, ದೊಡ್ಡಕ್ಷರ ಸಣ್ಣಕ್ಷರ, ಕೂಡುಬರಹದ ಕೊಂಡಿ ಇವೆಲ್ಲ ರೋಮನ್ ಲಿಪಿಯ ಸಾಮಗ್ರಿ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಅಕ್ಷರಗಳು ಒಂದಕ್ಕೊಂದು ಕೂಡುವುದಿಲ್ಲ. ರೋಮನ್‌ನಲ್ಲಿ ಸಾಲಿನ ಕೆಳಗಿನ ವಲಯ ಎಂದರೆ ಕಾಮ, ಹಸಿವು ಮೊದಲಾದ ಮೂಲ ಪ್ರವೃತ್ತಿ ಎನ್ನುತ್ತಾರೆ. ಕನ್ನಡದಲ್ಲಿ ಸಾಲಿನ ಕೆಳಗೆ ಇಳಿಯುವುದು ಒತ್ತಕ್ಷರ. 'ಅಮ್ಮ', 'ಅಕ್ಕ' ಎಂದು ಬರೆದಾಗಲೆಲ್ಲ ಪ್ರವೃತ್ತಿ ಕೆರಳುತ್ತದೆ ಎಂದು ಯಾರೂ ವಾದಿಸಲಾರರು. ಅರಬ್ಬಿ ಬಲದಿಂದ ಎಡಕ್ಕೆ ಸಾಗುತ್ತದೆ. 'ಬಲಕ್ಕೆ ವಾಲಿದರೆ ಭವಿಷ್ಯದ ಕಡೆ, ಎಡಕ್ಕೆ ವಾಲಿದರೆ ಗತದ ಕಡೆ' ಎಂಬ ನಿಯಮ ಅಲ್ಲಿ ತಲೆಕೆಳಗಾಗಬೇಕು. ಎರಡು ಲಿಪಿಯಲ್ಲಿ ಬರೆಯುವ ಒಬ್ಬರೇ ವ್ಯಕ್ತಿಯ ಓರೆ, ಅಂತರ, ಗಾತ್ರ ಎರಡರಲ್ಲೂ ಬೇರೆಯಾಗಿರುವುದು ಸಾಮಾನ್ಯ. ಆಗ ಯಾವ ಬರಹದ ಸ್ವಭಾವ ಅವರದ್ದು?

ದಾಖಲೆ ಪರೀಕ್ಷೆಗೆ ಈ ತೊಡಕಿಲ್ಲ. ಅಲ್ಲಿ ಒಬ್ಬರ ಕನ್ನಡ ಬರಹವನ್ನು ಅವರದೇ ಕನ್ನಡ ಬರಹದ ಜೊತೆಗೆ ಹೋಲಿಸುತ್ತಾರೆ. ತಲೆಕಟ್ಟನ್ನು ಅಕ್ಷರದ ಮೊದಲು ಹಾಕುತ್ತಾರೋ ಕೊನೆಗೋ, ಒತ್ತಕ್ಷರಕ್ಕೆ ಪೆನ್ನು ಎತ್ತುತ್ತಾರೋ ಎಳೆದೇ ಬರೆಯುತ್ತಾರೋ, ಕೊಂಬಿನ ತಿರುವು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡುತ್ತಾರೆ. ಆ ಲಿಪಿ ಬಲ್ಲ ಪರೀಕ್ಷಕರೇ ಬೇಕು. ಲಿಪಿಯಲ್ಲಿ ಎಲ್ಲರಿಗೂ ಸಾಮಾನ್ಯವಾದದ್ದು ಯಾವುದು, ಒಬ್ಬರಿಗೇ ವಿಶೇಷವಾದದ್ದು ಯಾವುದು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಅಕ್ಷರ ತಿದ್ದಿಕೊಂಡರೆ, ಸಹಿ ಬದಲಿಸಿದರೆ ಬದುಕು ಬದಲಾಗುತ್ತದೆಯೇ?

ಅಕ್ಷರ ಓದಲು ಸುಲಭವಾಗುತ್ತದೆ. ಸಹಿ ಬದಲಿಸಿದರೆ ಬ್ಯಾಂಕಿನಲ್ಲಿ ಚೆಕ್ಕು ವಾಪಸು ಬರುವ ಸಂಭವ ಹೆಚ್ಚುತ್ತದೆ.

ಈಗ ಎಐ ಬಂದಿದೆ. ಶೇಕಡಾ 90ಕ್ಕೂ ಹೆಚ್ಚು ನಿಖರವಾಗಿ ವ್ಯಕ್ತಿತ್ವ ಹೇಳುತ್ತದೆ ಎನ್ನುವ ಪ್ರಬಂಧಗಳಿವೆಯಲ್ಲ?

ಅಂಥ ಪ್ರಬಂಧ ಕೈಗೆ ಬಂದರೆ ನೇರವಾಗಿ ದತ್ತಾಂಶದ ಭಾಗಕ್ಕೆ ಹೋಗಿ, ಒಂದೇ ವಿಷಯ ಹುಡುಕಿ: 'ಬಹಿರ್ಮುಖಿ' ಎಂಬ ಹಣೆಪಟ್ಟಿಯನ್ನು ಪ್ರತಿ ಬರಹಕ್ಕೆ ಹಚ್ಚಿದ್ದು ಯಾರು? ಎಷ್ಟೋ ಸಲ ಹಚ್ಚಿದವರು ಗ್ರಫಾಲಜಿಸ್ಟರು, ಅಥವಾ 'ಬಲ ಓರೆ = ಬಹಿರ್ಮುಖಿ' ಎಂಬ ಪುಸ್ತಕದ ನಿಯಮ. ಅಂದರೆ ಯಂತ್ರ ಕಲಿತದ್ದು ಓರೆಯನ್ನು ಅಳೆಯಲು. ಶೇಕಡಾ 90 ಎಂದರೆ ನಿಯಮವನ್ನು ಅಷ್ಟು ಚೆನ್ನಾಗಿ ಅನುಕರಿಸುತ್ತದೆ ಎಂದು. ನಿಯಮ ಸರಿಯೋ ಎಂಬ ಪ್ರಶ್ನೆ ಮುಟ್ಟಿಯೇ ಇಲ್ಲ. ಹಣೆಪಟ್ಟಿ ಬರಹ ನೋಡದೆ, ಪ್ರಮಾಣಿತ ವ್ಯಕ್ತಿತ್ವ ಪ್ರಶ್ನಾವಳಿಯಿಂದ ಬಂದಿರಬೇಕು. ಇನ್ನೊಂದು: ಒಬ್ಬರೇ ಬರೆದ ಹತ್ತು ಹಾಳೆಗಳಲ್ಲಿ ಎಂಟು ತರಬೇತಿಗೆ, ಎರಡು ಪರೀಕ್ಷೆಗೆ ಹೋಗಿದ್ದರೆ ಯಂತ್ರ ಗುರುತಿಸುತ್ತಿರುವುದು ವ್ಯಕ್ತಿಯನ್ನು, ಗುಣವನ್ನಲ್ಲ. ತರಬೇತಿಯಲ್ಲಿದ್ದ ವ್ಯಕ್ತಿ ಪರೀಕ್ಷೆಯಲ್ಲಿ ಬರಲೇಬಾರದು.

ನಾವೇ ಪರೀಕ್ಷಿಸಿ ನೋಡಬೇಕೆಂದರೆ?

ಒಬ್ಬ ಗ್ರಫಾಲಜಿಸ್ಟ್ ಒಪ್ಪಿದರೆ ಸಾಕು, ಖರ್ಚು ಹೆಚ್ಚೇನಿಲ್ಲ. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ, ವಯಸ್ಸು ಮತ್ತು ಓದಿನಲ್ಲಿ ಹೆಚ್ಚು ಅಂತರವಿಲ್ಲದ 20 ಜನ ಬೇಕು. ಎಲ್ಲರೂ ಒಂದೇ ಬಗೆಯ ಪೆನ್ನಿನಲ್ಲಿ, ಒಂದೇ ಬಗೆಯ ಹಾಳೆಯಲ್ಲಿ, ಸುಮಾರು 150 ಪದದ ಒಂದೇ ಪಠ್ಯ ನಕಲು ಮಾಡಲಿ. ಹವಾಮಾನ ವರದಿಯಂಥ ನಿರ್ಗುಣ ಪಠ್ಯ ಒಳ್ಳೆಯದು. ಹೆಸರು ಬೇಡ, ಹಿಂಬದಿಯಲ್ಲಿ ಸಂಕೇತ ಸಂಖ್ಯೆ ಮಾತ್ರ. ಸಂಖ್ಯೆಯ ಪಟ್ಟಿ ಪ್ರಯೋಗ ಮುಗಿಯುವವರೆಗೆ ಮೂರನೆಯವರ ಬಳಿ ಇರಲಿ. ಗ್ರಫಾಲಜಿಸ್ಟ್ ಪ್ರತಿ ಬರಹಕ್ಕೂ ಒಂದು ವಿವರಣೆ ಬರೆದುಕೊಡಲಿ.

ಆಮೇಲೆ ಪ್ರತಿಯೊಬ್ಬರಿಗೂ ಎರಡು ವಿವರಣೆ ಕೊಡಿ: ಒಂದು ಅವರದ್ದು, ಇನ್ನೊಂದು ಗುಂಪಿನ ಬೇರೆ ಯಾರದ್ದೋ, ನಾಣ್ಯ ಚಿಮ್ಮಿ ನಿರ್ಧರಿಸಿದ ಕ್ರಮದಲ್ಲಿ. ಯಾವುದು ತಮ್ಮದು ಎಂದು ಆರಿಸಲಿ. ಸುಮ್ಮನೆ ಊಹಿಸಿದರೂ 10 ಸರಿ ಬರುತ್ತದೆ. 15 ಅಥವಾ ಹೆಚ್ಚು ಬರಿಯ ಅದೃಷ್ಟದಿಂದ ಬರುವ ಸಂಭವ ಶೇಕಡಾ 2ರಷ್ಟು. ಹಾಗಾಗಿ 15 ಎಂಬ ಗಡಿಯನ್ನು ಮೊದಲೇ ಬರೆದು ಎಲ್ಲರೂ ಸಹಿ ಹಾಕಿ. ಫಲಿತಾಂಶ ಬಂದ ಮೇಲೆ ಗಡಿ ಸರಿಸುವುದು, "ಅವತ್ತು ಅವರ ಮನಸ್ಸು ಸರಿಯಿರಲಿಲ್ಲ" ಎಂದು ಎರಡು ಹಾಳೆ ಕೈಬಿಡುವುದು, ಇವೇ ಇಂಥ ಪ್ರಯೋಗ ಹಾಳಾಗುವ ಮಾಮೂಲಿ ದಾರಿಗಳು. "ಇದು ನಿಮಗೆ ಎಷ್ಟು ಹೊಂದುತ್ತದೆ" ಎಂದು ಮಾತ್ರ ಕೇಳಬೇಡಿ. ಫೋರರ್ ಅವರ 4.26 ಮತ್ತೆ ಬರುತ್ತದೆ.

ಕೆಲಸಕ್ಕೆ ತೆಗೆದುಕೊಳ್ಳುವಾಗ ಬಳಸಬಹುದೇ?

ಬೇಡ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ನೇಮಕಾತಿಯ ವಿಧಾನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದರ ಜೊತೆ ಕೆಲಸದ ಮಾದರಿ ಪರೀಕ್ಷೆಗೆ 0.54, ಕ್ರಮಬದ್ಧ ಸಂದರ್ಶನಕ್ಕೆ 0.51 ಸಹಸಂಬಂಧ ಬಂತು. ಗ್ರಫಾಲಜಿಗೆ 0.02. ಆ ಮೇಲಿನ ಅಂಕಿಗಳು ನಂತರದ ಮರುಲೆಕ್ಕದಲ್ಲಿ ಇಳಿದಿವೆ; ಗ್ರಫಾಲಜಿಗೆ ಇಳಿಯಲು ಜಾಗವೇ ಇಲ್ಲ.

ದಾಖಲೆ ಪರೀಕ್ಷಕರು ಏನು ನೋಡುತ್ತಾರೆ? ಅವರೂ ಓರೆ, ಒತ್ತಡಗಳನ್ನೇ ಅಲ್ಲವೇ ನೋಡುವುದು?

ಅವನ್ನೂ ನೋಡುತ್ತಾರೆ, ಆದರೆ ಪ್ರಶ್ನೆ ಬೇರೆ. ಒಬ್ಬರೇ ಎರಡು ಸಲ ಹಾಕಿದ ಸಹಿ ಎಂದೂ ಒಂದರ ಮೇಲೊಂದು ಇಟ್ಟಂತೆ ಕೂರುವುದಿಲ್ಲ. ಆ ಸಹಜ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಎಂದು ಮೊದಲು ತಿಳಿದು, ವಿವಾದದ ಸಹಿ ಆ ಮಿತಿಯೊಳಗೆ ಬೀಳುತ್ತದೆಯೇ ಎಂದು ನೋಡುವುದು ಕೆಲಸ. ಎರಡು ಸಹಿ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಅದೇ ಅನುಮಾನಕ್ಕೆ ಕಾರಣ: ಒಂದನ್ನು ಅಡಿಯಲ್ಲಿಟ್ಟು ತಿದ್ದಿರಬಹುದು.

ಸೂಕ್ಷ್ಮದರ್ಶಕದ ಕೆಳಗೆ ನಕಲಿ ಸಹಿಯ ಲಕ್ಷಣ ಸಾಮಾನ್ಯವಾಗಿ ಆಕಾರದಲ್ಲಿರುವುದಿಲ್ಲ, ಗೆರೆಯಲ್ಲಿರುತ್ತದೆ. ಅಭ್ಯಾಸದ ಕೈ ಕಾಗದ ಮುಟ್ಟುವ ಮೊದಲೇ ಚಲಿಸುತ್ತಿರುತ್ತದೆ. ಗೆರೆ ಮೊನಚಾಗಿ ಶುರುವಾಗಿ ಮೊನಚಾಗಿ ಮುಗಿಯುತ್ತದೆ. ನಕಲು ಮಾಡುವವರು ಪೆನ್ನು ಊರಿ, ನೋಡಿ, ನಿಧಾನವಾಗಿ ಚಿತ್ರ ಬಿಡಿಸಿದಂತೆ ಎಳೆಯುತ್ತಾರೆ. ತುದಿ ಮೊಂಡು, ಗೆರೆಯ ದಪ್ಪ ಎಲ್ಲೆಡೆ ಒಂದೇ, ತಿರುವಿನಲ್ಲಿ ಸಣ್ಣ ನಡುಕ. ಅಸಹಜ ಜಾಗದಲ್ಲಿ ಪೆನ್ನು ಎತ್ತಿ ಮತ್ತೆ ಜೋಡಿಸಿದ ಗುರುತು ಇರುತ್ತದೆ. ಬಾಲ್‌ಪೆನ್ನಾದರೆ ಇನ್ನೊಂದು ಸುಳಿವು: ತಿರುವು ದಾಟಿದ ಕೂಡಲೇ ಗುಂಡಿನ ಅಂಚಿನಲ್ಲಿ ಸೇರಿದ ಶಾಯಿಯ ಗಡ್ಡೆ ಕಾಗದಕ್ಕೆ ಬೀಳುತ್ತದೆ. ಅದು ತಿರುವಿನ ಯಾವ ಬದಿಗಿದೆ ಎಂದು ನೋಡಿ ಗೆರೆ ಎಳೆದ ದಿಕ್ಕು ಹೇಳಬಹುದು. ಆಕಾರ ಒಂದೇ ಇದ್ದು ದಿಕ್ಕು ಉಲ್ಟಾ ಆಗಿದ್ದರೆ ಕೈ ಬೇರೆ ಎಂದು ಸಂಶಯಿಸಲು ಗಟ್ಟಿ ಆಧಾರ.

ವಯಸ್ಸಾದವರ, ಕಾಯಿಲೆಯವರ ನಿಜವಾದ ಸಹಿಯಲ್ಲೂ ನಡುಕ ಇರುತ್ತದೆ. ಆದರೆ ಆ ನಡುಕ ಏರುಪೇರಾಗಿದ್ದು, ನಡುವೆ ನಿರ್ಲಕ್ಷ್ಯದ ವೇಗದ ಗೆರೆಗಳೂ ಇರುತ್ತವೆ. ಪರೀಕ್ಷಕರು ಎಡವುವ ಜಾಗ ಇದು. ಆಸ್ಪತ್ರೆಯ ಹಾಸಿಗೆಯಲ್ಲಿ ಹಾಕಿದ ಸಹಿಯನ್ನು ಹತ್ತು ವರ್ಷ ಹಿಂದಿನ ಆರೋಗ್ಯದ ಸಹಿಗೆ ಹೋಲಿಸಿದರೆ ಅಸಲಿಯೂ ನಕಲಿಯಂತೆ ಕಾಣುತ್ತದೆ.

ಅವರು ಎಷ್ಟು ಸಲ ತಪ್ಪುತ್ತಾರೆ?

1997ರಲ್ಲಿ ಮೋಶೆ ಕಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಬೇರೆ ಬೇರೆಯವರ ಬರಹವನ್ನು 'ಒಬ್ಬರದ್ದೇ' ಎಂದು ತಪ್ಪಾಗಿ ಜೋಡಿಸಿದ್ದು ವೃತ್ತಿಪರರು ಶೇಕಡಾ 6.5, ಸಾಮಾನ್ಯರು ಶೇಕಡಾ 38.3. 2022ರಲ್ಲಿ 86 ಪರೀಕ್ಷಕರು ಭಾಗವಹಿಸಿ ಒಟ್ಟು 7,196 ತೀರ್ಮಾನ ಕೊಟ್ಟ ದೊಡ್ಡ ಅಧ್ಯಯನ ಬಂತು. ಬೇರೆಯವರ ಬರಹವನ್ನು ಇವರದ್ದೇ ಎಂದದ್ದು ಶೇಕಡಾ 3.1, ಇವರದ್ದೇ ಬರಹವನ್ನು ಇವರದ್ದಲ್ಲ ಎಂದದ್ದು ಶೇಕಡಾ 1.1. ಅವಳಿಗಳ ಬರಹವಾದಾಗ ಮೊದಲ ಬಗೆಯ ತಪ್ಪು ಶೇಕಡಾ 8.7ಕ್ಕೆ ಏರಿತು. ಆದ್ದರಿಂದ "ನೂರಕ್ಕೆ ನೂರು ಇವರದ್ದೇ" ಎಂದು ಬರೆದುಕೊಡುವ ವರದಿಗಿಂತ, ಸಂಭವದ ಮೆಟ್ಟಿಲು ಹೇಳಿ, ಮಿತಿಗಳನ್ನೂ ಬರೆಯುವ ವರದಿ ಹೆಚ್ಚು ನಂಬಲರ್ಹ. 'ನಿರ್ಣಯಿಸಲಾಗದು' ಎಂಬುದೂ ಒಂದು ಪ್ರಾಮಾಣಿಕ ಉತ್ತರ. ಅದಕ್ಕೆ ಶುಲ್ಕ ವಾಪಸು ಕೇಳಬೇಡಿ.

ಪರಿಣತರು ದೊಡ್ಡ ಪ್ರಕರಣಗಳಲ್ಲೇ ಎಡವಿದ್ದಾರಲ್ಲ?

ಎಡವಿದ್ದಾರೆ, ಎಡವಿದ ಬಗೆ ತಿಳಿದಿರಬೇಕು. 1894ರಲ್ಲಿ ಫ್ರಾನ್ಸ್‌ನ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್ ಗೂಢಚಾರ ಎಂಬ ಆರೋಪಕ್ಕೆ ಮುಖ್ಯ ಆಧಾರ ಒಂದು ಕೈಬರಹದ ಚೀಟಿ. ಪೊಲೀಸ್ ಗುರುತು ಪದ್ಧತಿಯಲ್ಲಿ ಹೆಸರಾಗಿದ್ದ ಆಲ್ಫಾನ್ಸ್ ಬರ್ತಿಯೋ ಕೈಬರಹ ಪರಿಣತರಾಗಿರಲಿಲ್ಲ. ಬರಹ ಹೊಂದದ ಕಡೆಗಳಲ್ಲಿ, ಸಿಕ್ಕಿಬೀಳದಿರಲು ಡ್ರೇಫಸ್ ತನ್ನ ಬರಹವನ್ನೇ ನಕಲಿ ಮಾಡಿದ್ದಾನೆ ಎಂದು ವಾದಿಸಿದರು. ಹೊಂದಿದರೂ ಅಪರಾಧಿ, ಹೊಂದದಿದ್ದರೂ ಅಪರಾಧಿ. ಚೀಟಿ ಬರೆದದ್ದು ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿ. ಗಣಿತಜ್ಞ ಆನ್ರಿ ಪ್ವಾಂಕರೆ ಮತ್ತು ಇನ್ನಿಬ್ಬರು 1904ರಲ್ಲಿ ಬರ್ತಿಯೋ ಲೆಕ್ಕಗಳನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟರು. 1906ರಲ್ಲಿ ಡ್ರೇಫಸ್ ನಿರ್ದೋಷಿ ಎಂದು ತೀರ್ಪಾಯಿತು.

1983ರ 'ಹಿಟ್ಲರ್ ದಿನಚರಿ'ಯದ್ದು ಬೇರೆ ಬಗೆ. ಪರಿಣತರು ಬರಹ ಹೊಂದುತ್ತದೆ ಎಂದರು, ನಿಜಕ್ಕೂ ಹೊಂದುತ್ತಿತ್ತು. ಹೋಲಿಕೆಗೆ ಕೊಟ್ಟ 'ಅಸಲಿ' ಮಾದರಿಗಳಲ್ಲಿ ಕೆಲವನ್ನು ಬರೆದದ್ದೂ ಅದೇ ನಕಲಿಗಾರ ಕೊನ್ರಾಡ್ ಕುಯಾವ್. ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕ ಕಾಗದದಲ್ಲಿ ಸಿಕ್ಕಿ ಗುಟ್ಟು ರಟ್ಟಾಯಿತು.

ಹೋಲಿಕೆಗೆ ಮಾದರಿ ಹೇಗೆ ಒದಗಿಸಬೇಕು?

ವಿವಾದ ಹುಟ್ಟುವ ಮೊದಲು ಸಹಜವಾಗಿ ಬರೆದವು ಮೊದಲ ಆಯ್ಕೆ: ಚೆಕ್ಕು, ಅರ್ಜಿ, ಪತ್ರ, ಲೆಕ್ಕದ ಪುಸ್ತಕ. ವಿವಾದದ ದಾಖಲೆಯ ದಿನಾಂಕದಿಂದ ಹಿಂದೆ ಮುಂದೆ ಎರಡು ವರ್ಷದೊಳಗಿನವು ಉತ್ತಮ. ಸಹಿಯಾದರೆ ಕನಿಷ್ಠ 15–20, ಬರಹವಾದರೆ ಮೂರು ನಾಲ್ಕು ಪುಟ. ಅದೇ ಲಿಪಿ ಇರಬೇಕು. ಪ್ರತಿ ಮಾದರಿ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇರಲಿ, ಇಲ್ಲದಿದ್ದರೆ ಕುಯಾವ್ ಕತೆಯೇ ಆಗುತ್ತದೆ.

ಎದುರಿಗೆ ಕೂರಿಸಿ ಬರೆಸುವುದಾದರೆ ವಿವಾದದ ದಾಖಲೆಯನ್ನು ತೋರಿಸಬೇಡಿ. ಬಾಯಲ್ಲಿ ಹೇಳಿ ಬರೆಸಿ, ಕಾಗುಣಿತ ಹೇಳಿಕೊಡಬೇಡಿ. ಅದೇ ಬಗೆಯ ಪೆನ್ನು, ಅದೇ ಅಳತೆಯ ಹಾಳೆ ಕೊಡಿ. ಒಂದು ಹಾಳೆ ಮುಗಿದ ಕೂಡಲೇ ಎತ್ತಿಟ್ಟು ಹೊಸ ಹಾಳೆ ಕೊಡಿ, ಹಿಂದಿನದನ್ನು ನೋಡಿ ತಿದ್ದಲು ಅವಕಾಶ ಸಿಗಬಾರದು. ಬರಹ ಮರೆಮಾಚಲು ಯತ್ನಿಸುವವರು ಮೊದಲ ಒಂದೆರಡು ಹಾಳೆಯಲ್ಲಿ ಎಚ್ಚರವಾಗಿರುತ್ತಾರೆ; ಕೈ ದಣಿದ ಮೇಲೆ ಅಭ್ಯಾಸ ಮೇಲೆ ಬರುತ್ತದೆ.

ಜೆರಾಕ್ಸ್ ಅಥವಾ ಮೊಬೈಲ್ ಫೋಟೊ ಸಾಕೇ?

ಅಕ್ಷರದ ಆಕಾರ ಮಾತ್ರ ಉಳಿಯುತ್ತದೆ. ಒತ್ತಡ, ಗೆರೆಯ ಅಂಚು, ಪೆನ್ನು ಎತ್ತಿದ ಜಾಗ, ಶಾಯಿಯ ಗಡ್ಡೆ ಎಲ್ಲ ಹೋಗಿಬಿಡುತ್ತದೆ. ಬೇರೆಡೆಯ ಅಸಲಿ ಸಹಿಯನ್ನು ಕತ್ತರಿಸಿ ಅಂಟಿಸಿ ಜೆರಾಕ್ಸ್ ತೆಗೆದಿದ್ದರೆ 'ಸಹಿ ಇವರದ್ದೇ' ಎಂಬ ತೀರ್ಮಾನ ಸರಿಯಾಗಿಯೇ ಇದ್ದು, ದಾಖಲೆ ಪೂರ್ತಿ ಸುಳ್ಳಾಗಿರಬಹುದು.

ಪರೀಕ್ಷೆಗೆ ಕಳಿಸುವವರೆಗೆ ದಾಖಲೆಯನ್ನು ಹೇಗೆ ಇಟ್ಟುಕೊಳ್ಳಬೇಕು?

ಹೊಸದಾಗಿ ಮಡಿಸಬೇಡಿ, ಪಿನ್ನು ಹೊಡೆಯಬೇಡಿ, ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಹರಿದಿದ್ದರೆ ಅಂಟುಪಟ್ಟಿ ಹಾಕದೆ ಚೂರುಗಳನ್ನು ಹಾಗೆಯೇ ಇಡಿ. ಸಹಿಯ ಸುತ್ತ ಪೆನ್ಸಿಲಿನಿಂದಲೂ ಗುರುತು ಮಾಡಬೇಡಿ. ಹಾಳೆಯ ಮೇಲೆ ಬೇರೆ ಹಾಳೆ ಇಟ್ಟು ಬರೆದಾಗ ಮೂಡಿದ, ಕಣ್ಣಿಗೆ ಕಾಣದ ತಗ್ಗುಗಳನ್ನು ಸ್ಥಿರವಿದ್ಯುತ್ ಉಪಕರಣದಿಂದ ಓದಬಹುದು. ಸೇರಿಸಿದ ಪುಟ, ಬದಲಿಸಿದ ಪುಟ ಹಾಗೆಯೇ ಸಿಕ್ಕಿಬೀಳುವುದು. ಅದಕ್ಕಾಗಿ ದಾಖಲೆಯನ್ನು ಅಡಿಯಲ್ಲಿಟ್ಟುಕೊಂಡು ಏನನ್ನೂ ಬರೆಯಬೇಡಿ. ಲಕೋಟೆಯ ಮೇಲಿನ ವಿಳಾಸವನ್ನೂ ಮೊದಲು ಬರೆದು, ಆಮೇಲೆ ದಾಖಲೆಯನ್ನು ಒಳಗೆ ಹಾಕಿ.